ಮೆಕ್ಸಿಕೊ ಕಡಲಿಗೆ ಹೊರಟವರು ತಿಳಿದಿರಬೇಕಾದ ಕಾನೂನು

ವಾಷಿಂಗ್ಟನ್ ರಾಜ್ಯದ ದಂಪತಿ ತಮ್ಮೂರಿನ ಏಜೆಂಟ್ ಹತ್ತಿರ ಕ್ರೂಸ್ ಟಿಕೆಟ್ ಕೊಂಡರು. ಲಾಸ್ ಏಂಜಲೀಸ್‌ನಲ್ಲಿ ‘ಟ್ರಾಪಿಕಾಲೆ’ ಎಂಬ ಹಡಗು ಹತ್ತಿ ಮೆಕ್ಸಿಕೊದ ಪ್ವೆರ್ತೊ ವಯಾರ್ತಾ ಕಡೆಗೆ ಹೊರಟರು. ಮೆಕ್ಸಿಕೊ ಕರಾವಳಿಯ ಆಚೆ, ಹಡಗಿನ ಅಡುಗೆಮನೆ ತೋರಿಸಲು ಪ್ರಯಾಣಿಕರನ್ನು ಕರೆದೊಯ್ದಾಗ ಹೆಂಡತಿ ನೆಲಹಾಸಿನ ಮೇಲೆ ಜಾರಿಬಿದ್ದು ಗಾಯಗೊಂಡರು. ಊರಿಗೆ ಬಂದು ಅಲ್ಲಿನ ಕೋರ್ಟಿನಲ್ಲಿ ಪರಿಹಾರಕ್ಕೆ ದಾವೆ ಹೂಡಿದರು. ಕಂಪನಿ ಟಿಕೆಟ್‌ನಲ್ಲಿದ್ದ ಒಂದು ಷರತ್ತನ್ನು ಮುಂದಿಟ್ಟಿತು: ಏನೇ ವ್ಯಾಜ್ಯವಿದ್ದರೂ ಫ್ಲಾರಿಡಾದಲ್ಲೇ ನಡೆಯಬೇಕು. ಫ್ಲಾರಿಡಾ ಇರುವುದು ದೇಶದ ಇನ್ನೊಂದು ಮೂಲೆಯಲ್ಲಿ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್’ ಪ್ರಕರಣದಲ್ಲಿ 7–2ರ ಬಹುಮತದಿಂದ ಆ ಷರತ್ತು ಸಿಂಧು ಎಂದು ತೀರ್ಪಿತ್ತಿತು.

ಅಮೆರಿಕದಿಂದ ಮೆಕ್ಸಿಕೊ ಕಡಲಿಗೆ ಹೊರಡುವ ಪ್ರತಿಯೊಬ್ಬರಿಗೂ ಈ ತೀರ್ಪು ಇಂದಿಗೂ ಅನ್ವಯಿಸುತ್ತದೆ. ಹ್ಯೂಸ್ಟನ್, ಡಲ್ಲಾಸ್, ಲಾಸ್ ಏಂಜಲೀಸ್ ಕಡೆ ನೆಲೆಸಿರುವ ನಮ್ಮವರಿಗೆ ಕೊಸುಮೆಲ್, ಕ್ಯಾಂಕೂನ್, ಎನ್ಸೆನಾಡ ರಜೆಯ ಸುಲಭ ತಾಣಗಳು. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗೂ ಸಮುದ್ರ ತೋರಿಸುವ ಆಸೆ ಇರುತ್ತದೆ. ಹೋಗಿ ಬನ್ನಿ. ಆದರೆ ಅಲ್ಲಿ ನಿಮಗಿರುವ ಪ್ರತಿ ಹಕ್ಕಿಗೂ ಒಂದು ಗಡುವಿದೆ, ಅದನ್ನು ಕೇಳಬೇಕಾದ ಒಂದು ಜಾಗವಿದೆ. ಇವೆರಡನ್ನೂ ಹೊರಡುವ ಮೊದಲೇ ತಿಳಿದುಕೊಳ್ಳಿ.

ಟಿಕೆಟ್ ಎಂದರೆ ಕರಾರು

ಆನ್‌ಲೈನ್‌ನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿದ ಕ್ಷಣವೇ ನೀವು ಹತ್ತಾರು ಪುಟಗಳ ಪ್ರಯಾಣ ಕರಾರಿಗೆ ಬದ್ಧರಾಗುತ್ತೀರಿ. ಪೂರ್ತಿ ಓದಲು ಆಗದಿದ್ದರೆ ನಾಲ್ಕು ಅಂಶಗಳನ್ನಾದರೂ ಹುಡುಕಿ ನೋಡಿ.

1. ದಾವೆ ಎಲ್ಲಿ ಹೂಡಬೇಕು. ದೊಡ್ಡ ಕಂಪನಿಗಳ ಕರಾರುಗಳಲ್ಲಿ ಇದು ಹೆಚ್ಚಾಗಿ ಫ್ಲಾರಿಡಾದ ಫೆಡರಲ್ ಕೋರ್ಟ್.
2. ನೋಟಿಸ್ ಮತ್ತು ದಾವೆಯ ಗಡುವು. ಗಾಯದ ಪ್ರಕರಣಗಳಲ್ಲಿ ಲಿಖಿತ ನೋಟಿಸ್‌ಗೆ 6 ತಿಂಗಳಿಗಿಂತ, ದಾವೆಗೆ 1 ವರ್ಷಕ್ಕಿಂತ ಕಡಿಮೆ ಸಮಯ ಕೊಡುವಂತಿಲ್ಲ ಎಂದು ಅಮೆರಿಕದ ಕಡಲ ಕಾನೂನು ಹೇಳುತ್ತದೆ. ಕಂಪನಿಗಳು ಸಾಮಾನ್ಯವಾಗಿ ಈ ಕನಿಷ್ಠ ಅವಧಿಯನ್ನೇ ಬರೆದಿರುತ್ತವೆ. ನೆಲದ ಮೇಲಿನ ಅಪಘಾತಕ್ಕೆ ಎರಡು ಮೂರು ವರ್ಷ ಸಿಗಬಹುದು, ಇಲ್ಲಿ ಸಿಗುವುದಿಲ್ಲ.
3. ದಡದ ಪ್ರವಾಸದ ಹೊಣೆ ಯಾರದು. ಹಡಗಿನ ಕೌಂಟರ್‌ನಲ್ಲೇ ಕೊಂಡ ಸ್ನಾರ್ಕೆಲಿಂಗ್, ಜಿಪ್‌ಲೈನ್ ಟಿಕೆಟ್‌ಗಳಿಗೂ ‘ಇದನ್ನು ನಡೆಸುವವರು ಸ್ವತಂತ್ರ ಗುತ್ತಿಗೆದಾರರು, ನಮಗೆ ಸಂಬಂಧವಿಲ್ಲ’ ಎಂಬ ಷರತ್ತು ಇರುತ್ತದೆ.
4. ಮಾರ್ಗ ಬದಲಾವಣೆ. ಚಂಡಮಾರುತ ಬಂದರೆ ಕೊಸುಮೆಲ್ ಬಿಟ್ಟು ಬೇರೆಡೆ ಹೋಗುವ ಹಕ್ಕನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ. ಅಟ್ಲಾಂಟಿಕ್ ಭಾಗದಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ.

ಇಷ್ಟೆಲ್ಲ ಷರತ್ತುಗಳಿದ್ದರೂ ಕಂಪನಿಗೆ ಒಂದು ಮಿತಿಯಿದೆ. ಅಮೆರಿಕದ ಬಂದರಿಗೆ ಬಂದುಹೋಗುವ ಹಡಗಿನಲ್ಲಿ ತನ್ನದೇ ನಿರ್ಲಕ್ಷ್ಯದಿಂದ ಪ್ರಯಾಣಿಕರಿಗೆ ಗಾಯವಾದರೆ, ಆ ಹೊಣೆಯಿಂದ ಕರಾರಿನ ಮೂಲಕ ನುಣುಚಿಕೊಳ್ಳಲು ಕಾನೂನು ಬಿಡುವುದಿಲ್ಲ.

ಪಾಸ್‌ಪೋರ್ಟ್, ವೀಸಾ

ಭಾರತೀಯ ಪಾಸ್‌ಪೋರ್ಟ್ ಇರುವವರು ಮೆಕ್ಸಿಕೊಗೆ ಹೋಗಲು ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ವೀಸಾ ಇದ್ದರೆ, ಇಲ್ಲವೇ ಆ ದೇಶಗಳ ಕಾಯಂ ನಿವಾಸಿಯಾಗಿದ್ದರೆ ಪ್ರತ್ಯೇಕ ಮೆಕ್ಸಿಕನ್ ವೀಸಾ ಬೇಡ. ಗರಿಷ್ಠ 180 ದಿನ ಇರಬಹುದು. ಆದರೆ ನಿಮಗೆ ಎಷ್ಟು ದಿನ ಎಂದು ಬರೆಯುವುದು ಗಡಿಯ ಅಧಿಕಾರಿ. ಮೊಹರು ಬಿದ್ದ ತಕ್ಷಣ ಆ ಸಂಖ್ಯೆಯನ್ನು ನೋಡಿಕೊಳ್ಳಿ.

ಎಚ್-1ಬಿಯಲ್ಲಿರುವ ಅನೇಕರು ಎಡವುವುದು ಮರಳಿ ಬರುವಾಗ. ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಅವಧಿ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದರೆ, 30 ದಿನದೊಳಗಿನ ಮೆಕ್ಸಿಕೊ ಪ್ರವಾಸದಿಂದ ಅಮೆರಿಕಕ್ಕೆ ಮರಳಲು ‘ಆಟೊಮ್ಯಾಟಿಕ್ ವೀಸಾ ರೀವ್ಯಾಲಿಡೇಷನ್’ ನಿಯಮ ಅವಕಾಶ ಕೊಡುತ್ತದೆ. ಇದರಲ್ಲಿ ಮೂರು ತೊಡಕುಗಳಿವೆ. ಅಮೆರಿಕದ ವೀಸಾ ಮುಗಿದಿದ್ದರೆ ಮೆಕ್ಸಿಕೊ ಕೊಡುವ ವಿನಾಯಿತಿ ಸಿಗದು, ಅವರ ವೀಸಾ ಬೇರೆಯಾಗಿ ತೆಗೆಸಬೇಕು. ಆ ಪ್ರವಾಸದಲ್ಲಿ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸೌಲಭ್ಯ ತಪ್ಪುತ್ತದೆ. ಹಡಗು ಕೊಸುಮೆಲ್ ಜೊತೆಗೆ ಜಮೈಕಾದಂಥ ದ್ವೀಪಕ್ಕೂ ಹೋಗುವುದಾದರೆ ಎಚ್-1ಬಿಯವರಿಗೆ ಇದು ಅನ್ವಯಿಸದು. ದ್ವೀಪಗಳ ಸೌಲಭ್ಯ ಇರುವುದು ಎಫ್ ಮತ್ತು ಜೆ ವೀಸಾದವರಿಗೆ ಮಾತ್ರ. ಭಾರತದಿಂದ ಬಂದು ಹಡಗು ಹತ್ತುವವರು ತಮ್ಮ ವೀಸಾದಲ್ಲಿ ‘ಮಲ್ಟಿಪಲ್ ಎಂಟ್ರಿ’ ಇದೆಯೇ ಎಂದು ನೋಡಿಕೊಳ್ಳಬೇಕು.

ಅಮೆರಿಕದಲ್ಲೇ ಹುಟ್ಟಿದ ಮಕ್ಕಳು, ಹೊರಟ ಬಂದರಿಗೇ ಮರಳುವ ಕ್ರೂಸ್‌ನಲ್ಲಿ ಜನನ ಪ್ರಮಾಣಪತ್ರದ ಮೇಲೆ ಹೋಗಿಬರಬಹುದು. ಆದರೂ ಪಾಸ್‌ಪೋರ್ಟ್ ಮಾಡಿಸಿ. ಹಡಗು ತಪ್ಪಿದರೆ ಮಗುವನ್ನು ಜನನ ಪ್ರಮಾಣಪತ್ರ ತೋರಿಸಿ ವಿಮಾನ ಹತ್ತಿಸಲಾಗದು.

ಹಡಗಿನಲ್ಲಿ ಬಿದ್ದರೆ, ‘ಏನೂ ಆಗಿಲ್ಲ’ ಎನ್ನಬೇಡಿ

ಒದ್ದೆಯಾದ ಡೆಕ್ ಮೇಲೆ ಅಮ್ಮ ಜಾರಿ ಬೀಳುತ್ತಾರೆ. ನಾಲ್ಕು ಜನ ಓಡಿ ಬರುತ್ತಾರೆ. ಅಮ್ಮನಿಗೆ ಮುಜುಗರ. ‘ಏನೂ ಆಗಿಲ್ಲಪ್ಪ, ಒಂಚೂರು ಉಳುಕಿದೆ ಅಷ್ಟೆ’ ಎಂದು ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಮಗ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸುತ್ತಾನೆ, ಸಿಬ್ಬಂದಿ ಬರೆದುಕೊಳ್ಳುತ್ತಾರೆ. ಮೂರು ದಿನದ ನಂತರ ಎಕ್ಸ್-ರೇಯಲ್ಲಿ ಸೊಂಟದ ಮೂಳೆ ಬಿರುಕು ಬಿಟ್ಟಿರುವುದು ಕಂಡರೂ ಕಂಪನಿಯ ಕಡತದಲ್ಲಿ ಉಳಿಯುವುದು ಆ ಮೊದಲ ವಾಕ್ಯ.

ಆದ್ದರಿಂದ ಹಿರಿಯರಿಗೆ ಮೊದಲೇ ಹೇಳಿಡಿ: ‘ನೋವಿದ್ದರೆ ನೋವಿದೆ ಅನ್ನಮ್ಮ, ಸಂಕೋಚ ಬೇಡ.’ ನಂತರ ಈ ಕ್ರಮದಲ್ಲಿ ನಡೆಯಿರಿ.

- ಬಿದ್ದ ಜಾಗದ ಫೋಟೊ, ವಿಡಿಯೊ ಆಗಲೇ ತೆಗೆಯಿರಿ: ನೀರು, ಕಿತ್ತುಬಂದ ಹಾಸು, ಎಚ್ಚರಿಕೆಯ ಫಲಕ ಇತ್ತೇ ಇಲ್ಲವೇ. ಅರ್ಧ ಗಂಟೆಯಲ್ಲಿ ನೆಲ ಒರೆಸಿ ಹೋಗಿರುತ್ತದೆ.
- ಹಡಗಿನ ವೈದ್ಯರಿಗೆ ತೋರಿಸಿ, ವೈದ್ಯಕೀಯ ದಾಖಲೆಯ ಪ್ರತಿ ಕೇಳಿ ಪಡೆಯಿರಿ.
- ಘಟನೆಯ ವರದಿ ಬರೆಸಿ, ಓದದೆ ಸಹಿ ಹಾಕಬೇಡಿ. ‘ನನ್ನದೇ ತಪ್ಪು’ ಎಂಬ ಮಾತು ಅದರಲ್ಲಿ ಸೇರದಿರಲಿ.
- ಕಂಡವರ ಹೆಸರು, ಫೋನ್ ನಂಬರ್ ತೆಗೆದುಕೊಳ್ಳಿ.
- ಮನೆಗೆ ಬಂದ ವಾರದಲ್ಲೇ ಕಡಲ ಕಾನೂನು ಬಲ್ಲ ವಕೀಲರನ್ನು ಕಾಣಿ. 6 ತಿಂಗಳ ಗಡುವು ಆಗಲೇ ಓಡತೊಡಗಿರುತ್ತದೆ.

ಹಿರಿಯರಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಎಷ್ಟೋ ಸಲ ಅಮೆರಿಕದ ನೆಲಕ್ಕಷ್ಟೇ ಸೀಮಿತವಾಗಿರುತ್ತದೆ. ಹಡಗು, ಮೆಕ್ಸಿಕೊ ಎರಡೂ ಅದರಲ್ಲಿ ಸೇರಿವೆಯೇ, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಮೆಕ್ಸಿಕೊದ ಅನೇಕ ಖಾಸಗಿ ಆಸ್ಪತ್ರೆಗಳು ಮುಂಗಡ ಹಣ ಕಟ್ಟಿದ ಮೇಲೆಯೇ ಚಿಕಿತ್ಸೆ ಶುರುಮಾಡುತ್ತವೆ.

ಹಡಗಿನಲ್ಲಿ ಅಪರಾಧ ನಡೆದರೆ

2010ರ ಕ್ರೂಸ್ ಹಡಗು ಸುರಕ್ಷತಾ ಕಾಯ್ದೆ ಅಮೆರಿಕದಲ್ಲಿ ಪ್ರಯಾಣಿಕರನ್ನು ಹತ್ತಿಸುವ ಅಥವಾ ಇಳಿಸುವ ದೊಡ್ಡ ಹಡಗುಗಳಿಗೆ ಅನ್ವಯಿಸುತ್ತದೆ. ಕ್ಯಾಬಿನ್ ಬಾಗಿಲಿಗೆ ಇಣುಕು ಕಿಂಡಿ, 42 ಇಂಚು ಎತ್ತರದ ಕಟಕಟೆ, ಅಪರಾಧಗಳ ದಾಖಲೆ ಪುಸ್ತಕ ಕಡ್ಡಾಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಹಡಗಿನಲ್ಲೇ ವೈದ್ಯಕೀಯ ಪರೀಕ್ಷೆ, ಎಚ್‌ಐವಿ ತಡೆಯುವ ಔಷಧ, ಪೊಲೀಸರೊಂದಿಗೆ ಖಾಸಗಿಯಾಗಿ ಮಾತನಾಡಲು ಫೋನ್ ಒದಗಿಸಬೇಕು. ಇದು ನೀವು ಹಕ್ಕಿನಿಂದ ಕೇಳುವ ವಿಷಯ. ಗಂಭೀರ ಅಪರಾಧಗಳನ್ನೂ 10,000 ಡಾಲರ್ ಮೀರಿದ ಕಳವನ್ನೂ ಕಂಪನಿ ಎಫ್‌ಬಿಐಗೆ ತಿಳಿಸಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಇಂಥ ಹಡಗುಗಳ ಮೇಲೆ ಹೆಚ್ಚಾಗಿ ಹಾರುವುದು ಪನಾಮಾ, ಬಹಾಮಾಸ್, ಮಾಲ್ಟಾಗಳ ಧ್ವಜ. ತೊಂದರೆಗೊಳಗಾದವರು, ಆರೋಪಿ ಇಬ್ಬರೂ ಅಮೆರಿಕದ ಪ್ರಜೆಗಳಲ್ಲದಿದ್ದರೆ ತನಿಖೆ ಧ್ವಜದ ದೇಶದ ಕೈಗೆ ಹೋಗಬಹುದು. ಆದ್ದರಿಂದ ಭಾರತೀಯ ಪಾಸ್‌ಪೋರ್ಟ್‌ನವರು ಹಡಗಿನ ಭದ್ರತಾ ಅಧಿಕಾರಿಯ ಜೊತೆಗೆ ಭಾರತದ ದೂತಾವಾಸಕ್ಕೂ ಕೂಡಲೇ ತಿಳಿಸಬೇಕು.

ಯಾನ ಕೆಟ್ಟರೆ ಹಣ ವಾಪಸ್

2013ರ ಫೆಬ್ರುವರಿಯಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ ಕೊಸುಮೆಲ್‌ಗೆ ಹೋಗಿದ್ದ ‘ಕಾರ್ನಿವಲ್ ಟ್ರಯಂಫ್’ ಮರಳುವಾಗ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ವಿದ್ಯುತ್ ಇಲ್ಲದೆ, ಶೌಚಾಲಯ ಕೆಟ್ಟು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ದಿನಗಟ್ಟಲೆ ಕಡಲಲ್ಲಿ ಕಳೆದರು. ಕೊನೆಗೆ ಹಡಗನ್ನು ಅಲಬಾಮಾದ ಮೊಬೈಲ್ ಬಂದರಿಗೆ ಎಳೆದು ತರಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕ್ರೂಸ್ ಕಂಪನಿಗಳ ಸಂಘ ಪ್ರಯಾಣಿಕರ ಹಕ್ಕುಪತ್ರ ಪ್ರಕಟಿಸಿತು: ಯಂತ್ರ ಕೆಟ್ಟು ಯಾನ ರದ್ದಾದರೆ ಪೂರ್ತಿ ಹಣ, ಅರ್ಧಕ್ಕೆ ನಿಂತರೆ ಭಾಗಶಃ ಹಣ, ಊರಿಗೆ ಮರಳುವ ವ್ಯವಸ್ಥೆ, ಬಂದರಿನಲ್ಲಿ ನಿಂತ ಹಡಗಿನಲ್ಲಿ ಊಟ, ನೀರು, ಶೌಚದ ವ್ಯವಸ್ಥೆ ಇಲ್ಲದಿದ್ದರೆ ಇಳಿಯುವ ಹಕ್ಕು.

2022ರಿಂದ ಅಮೆರಿಕದ ಫೆಡರಲ್ ಮ್ಯಾರಿಟೈಮ್ ಕಮಿಷನ್ ನಿಯಮವೂ ಜಾರಿಯಲ್ಲಿದೆ. ಅಲ್ಲಿಯ ಬಂದರಿನಿಂದ ಹೊರಡಬೇಕಿದ್ದ ಯಾನವನ್ನು ಕಂಪನಿ ರದ್ದುಮಾಡಿದರೆ, ಅಥವಾ ಹೊರಡುವುದು 3 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡವಾಗಿ ನೀವು ಹೋಗದಿರಲು ನಿರ್ಧರಿಸಿದರೆ ಹಣ ವಾಪಸ್ ಕೇಳಬಹುದು. ‘ಮುಂದಿನ ಯಾನಕ್ಕೆ ಕ್ರೆಡಿಟ್ ಕೊಡುತ್ತೇವೆ’ ಎಂಬ ಮಾತನ್ನು ಒಪ್ಪುವ ಮೊದಲು ಇದು ನೆನಪಿರಲಿ.

ದಡಕ್ಕೆ ಇಳಿದ ಮೇಲೆ

ಗಡಿಯಾರ: ಕೊಸುಮೆಲ್, ಕ್ಯಾಂಕೂನ್ ಇರುವ ಕಿಂತಾನಾ ರೋ ರಾಜ್ಯದಲ್ಲಿ ವರ್ಷವಿಡೀ ಒಂದೇ ಸಮಯ. ಬೇಸಿಗೆಯಲ್ಲಿ ಮಯಾಮಿಯಿಂದ ಬಂದ ಹಡಗು ತನ್ನ ಗಡಿಯಾರ ಬದಲಿಸದಿದ್ದರೆ, ದಡದಲ್ಲಿ ನಿಮ್ಮ ಫೋನ್ ಒಂದು ಗಂಟೆ ಹಿಂದಿರುತ್ತದೆ. ಹಡಗು ನಾಲ್ಕೂವರೆಗೆ ಹೊರಡುವಾಗ ಫೋನ್ ಮೂರೂವರೆ ತೋರಿಸುತ್ತದೆ. ಇಳಿಯುವ ಮುನ್ನ ಹಡಗಿನ ಸಮಯ ಕೇಳಿ, ಕೈಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಸ್ವಂತವಾಗಿ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಬೀಚ್: ಮೆಕ್ಸಿಕೊದ ಕಡಲತೀರಗಳೆಲ್ಲ ರಾಷ್ಟ್ರದ ಆಸ್ತಿ. ಹೋಟೆಲ್‌ನವರು ಕುರ್ಚಿ, ಕೊಡೆಗೆ ಹಣ ಕೇಳಬಹುದು, ಮರಳ ಮೇಲೆ ನಡೆಯುವುದನ್ನು ತಡೆಯುವಂತಿಲ್ಲ. ಬೀಚಿಗೆ ಹೋಗುವ ದಾರಿ ಮುಚ್ಚುವವರಿಗೆ 2020ರ ತಿದ್ದುಪಡಿಯಿಂದ ಭಾರಿ ದಂಡವಿದೆ. ಬಾವುಟಗಳನ್ನು ಗಮನಿಸಿ: ಕೆಂಪು ಇದ್ದರೆ ಅಪಾಯ, ಕಪ್ಪು ಇದ್ದರೆ ನೀರಿಗೆ ಇಳಿಯಲೇಬಾರದು.

ಚೀಲದಲ್ಲಿ ಇರಬಾರದ್ದು: ಇ-ಸಿಗರೇಟ್ ಒಯ್ಯಬೇಡಿ. ನೆಗಡಿಗೆ ತೆಗೆದುಕೊಳ್ಳುವ ಸ್ಯೂಡೊಎಫೆಡ್ರಿನ್ ಇರುವ ಮಾತ್ರೆಗಳಿಗೂ ಅಲ್ಲಿ ನಿಷೇಧವಿದೆ. ಉಳಿದ ಮಾತ್ರೆಗಳನ್ನು ಮೂಲ ಡಬ್ಬಿ ಮತ್ತು ವೈದ್ಯರ ಚೀಟಿಯ ಜೊತೆ ಇಟ್ಟುಕೊಳ್ಳಿ. ಬಂದೂಕಿನ ಒಂದೇ ಒಂದು ಗುಂಡು ಸಿಕ್ಕರೂ ಜೈಲಾಗಬಹುದು. 2023ರ ಜನವರಿಯಿಂದ ಬೀಚ್ ಸೇರಿ ಸಾರ್ವಜನಿಕ ಜಾಗಗಳಲ್ಲಿ ಸಿಗರೇಟ್ ಸೇದುವಂತಿಲ್ಲ.

ಬಾಡಿಗೆ ಜೆಟ್ ಸ್ಕೀ: ಹತ್ತುವ ಮೊದಲೇ ನಾಲ್ಕೂ ಬದಿಯ ವಿಡಿಯೊ ಮಾಡಿಕೊಳ್ಳಿ. ಹಳೆಯ ಗೀರಿಗೆ ನಿಮ್ಮಿಂದ ದಂಡ ಕೇಳುವ ವಂಚನೆ ಪ್ರವಾಸಿ ತಾಣಗಳಲ್ಲಿ ಸಾಮಾನ್ಯ.

ಟೈಮ್‌ಶೇರ್: ‘ಉಚಿತ ತಿಂಡಿ, ಒಂದೂವರೆ ಗಂಟೆ ಕೂತರೆ ಸಾಕು’ ಎಂದು ಕರೆದು, ಮಧ್ಯಾಹ್ನದವರೆಗೂ ಬಿಡದೆ ಸಹಿ ಮಾಡಿಸಿಕೊಳ್ಳುತ್ತಾರೆ. ಸಹಿ ಆಗಿಹೋದರೂ ಕಾರಣ ಕೊಡದೆ 5 ಕೆಲಸದ ದಿನಗಳೊಳಗೆ ಲಿಖಿತವಾಗಿ ರದ್ದುಮಾಡಬಹುದು. ‘ರದ್ದತಿ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಸಿಕೊಂಡಿದ್ದರೂ ಅದು ನಡೆಯದು; ಅಲ್ಲಿನ ಗ್ರಾಹಕ ಕಾನೂನು ಕೊಟ್ಟ ಹಕ್ಕುಗಳನ್ನು ಬಿಟ್ಟುಕೊಡಲು ಬರುವುದಿಲ್ಲ. ದೂರನ್ನು ‘ಪ್ರೊಫೆಕೊ’ ಎಂಬ ಫೆಡರಲ್ ಗ್ರಾಹಕ ಸಂಸ್ಥೆಗೆ ಕೊಡಿ, ಮೆಕ್ಸಿಕೊದೊಳಗಿನ ಉಚಿತ ಸಂಖ್ಯೆ 800 468 8722. ವರ್ಷಗಳ ನಂತರ ‘ನಿಮ್ಮ ಟೈಮ್‌ಶೇರ್ ಮಾರಿಸಿಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ’ ಎಂದು ಕರೆ ಬಂದರೆ ಫೋನ್ ಇಟ್ಟುಬಿಡಿ. ಇಂಥ ವಂಚನೆಯ ಹಿಂದೆ ಡ್ರಗ್ ಕಾರ್ಟೆಲ್ ಇದೆ ಎಂದು ಅಮೆರಿಕದ ಖಜಾನೆ ಇಲಾಖೆ ಪ್ವೆರ್ತೊ ವಯಾರ್ತಾದ ಕಂಪನಿಗಳ ಮೇಲೆ 2023ರಲ್ಲಿ ನಿರ್ಬಂಧ ಹೇರಿದೆ.

ಬಾಡಿಗೆ ಕಾರು: ಅಮೆರಿಕದ ವಿಮೆ ಅಲ್ಲಿ ನಡೆಯದು, ಮೆಕ್ಸಿಕನ್ ಥರ್ಡ್ ಪಾರ್ಟಿ ವಿಮೆ ಬೇಕು. ಪೊಲೀಸರು ರಸ್ತೆಯಲ್ಲೇ ಹಣ ಕೇಳಿದರೆ ದಂಡದ ಚೀಟಿ ಕೇಳಿ, ಕಚೇರಿಯಲ್ಲಿ ಕಟ್ಟುತ್ತೇನೆ ಎನ್ನಿ. ತುರ್ತಿಗೆ 911, ಪ್ರವಾಸಿಗರ ನೆರವಿಗೆ 078.

ಪೊಲೀಸರು ಹಿಡಿದರೆ

1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ಪರದೇಶದಲ್ಲಿ ಬಂಧಿತರಾದವರಿಗೆ ತಮ್ಮ ದೂತಾವಾಸವನ್ನು ಸಂಪರ್ಕಿಸುವ ಹಕ್ಕಿದೆ. ಈ ಹಕ್ಕಿಗಾಗಿ ಮೆಕ್ಸಿಕೊ ಅಮೆರಿಕದ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 2004ರಲ್ಲಿ ಗೆದ್ದಿತು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಅಲ್ಲಿಯೇ 2019ರಲ್ಲಿ ಗೆದ್ದದ್ದೂ ಇದೇ ವಿಧಿಯ ಬಲದಿಂದ. ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: ‘ಕಿಯೆರೊ ಅಬ್ಲಾರ್ ಕೊನ್ ಲಾ ಎಂಬಾಹಾದಾ ದೆ ಲಾ ಇಂದಿಯಾ.’ ಭಾರತದ ದೂತಾವಾಸದೊಂದಿಗೆ ಮಾತನಾಡಬೇಕು ಎಂದರ್ಥ. ನಮ್ಮ ದೂತಾವಾಸ ಇರುವುದು ಮೆಕ್ಸಿಕೊ ಸಿಟಿಯಲ್ಲಿ. ಅರ್ಥವಾಗದ ಸ್ಪ್ಯಾನಿಷ್ ಕಾಗದಕ್ಕೆ ಸಹಿ ಹಾಕಬೇಡಿ, ಅನುವಾದಕರನ್ನು ಕೇಳಿ.

ಪ್ಯಾಕೇಜ್ ಊರಲ್ಲೇ ಕೊಂಡಿದ್ದರೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಏಜೆಂಟ್ ಮೂಲಕ ಪ್ಯಾಕೇಜ್ ಕೊಂಡು, ಹೇಳಿದ ಹೋಟೆಲ್ ಕೊಡದಿದ್ದರೆ, ರದ್ದಾದ ಯಾನದ ಹಣ ಹಿಂತಿರುಗಿಸದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಿ. ಬಗೆಹರಿಯದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಪಾವತಿಸಿದ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಪ್ಯಾಕೇಜ್ ಮೇಲೆ ಏಜೆಂಟ್ ವಸೂಲಿ ಮಾಡಿದ ಟಿಸಿಎಸ್ ಅನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಲು ಮರೆಯಬೇಡಿ.

ಈ ಕಾಯ್ದೆಯ ದೊಡ್ಡ ಉಪಕಾರ ಇದು: ಏಜೆಂಟ್‌ನ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಟ್ರಾಪಿಕಾಲೆ ಹಡಗಿನಲ್ಲಿ ಬಿದ್ದ ಆ ಮಹಿಳೆ ಕೇಳಿದ್ದೂ ಇಷ್ಟನ್ನೇ, ಅವರಿಗೆ ಅದು ಸಿಗಲಿಲ್ಲ. ನಮ್ಮ ನೆಲದ ಕಾನೂನು ಕೊಟ್ಟ ಈ ಅನುಕೂಲವನ್ನು ರಸೀದಿ, ಇಮೇಲ್, ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನವಾಗಿಟ್ಟುಕೊಂಡು ಬಳಸಿಕೊಳ್ಳಿ. ಅಮೆರಿಕದ ಟಿಕೆಟ್ ಕೊಂಡವರು ಪಾಸ್‌ಪೋರ್ಟ್, ವಿಮೆ, ಪ್ರಯಾಣ ಕರಾರು ಮೂರರ ಪ್ರತಿಯನ್ನೂ ಮನೆಯಲ್ಲಿ ಉಳಿಯುವ ಒಬ್ಬರಿಗೆ ಕಳಿಸಿಡಿ. ಅಮ್ಮ ಡೆಕ್ ಮೇಲೆ ಜಾರಿದ ಆ ಹೊತ್ತಿನಲ್ಲಿ ಕರಾರು ಓದುವ ಸಮಾಧಾನ ಮಗನಿಗೆ ಇರುವುದಿಲ್ಲ. ಊರಲ್ಲಿರುವ ತಮ್ಮನೋ ತಂಗಿಯೋ ಅದನ್ನು ತೆರೆದು, ಮುಂದೇನು ಮಾಡಬೇಕೆಂದು ಹೇಳಬಲ್ಲರು.