ಬಾಗಿದ ಪಥದಲ್ಲಿ ವೇಗದ ಮಿತಿ

ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಎರಡಂತಸ್ತಿನ ಮೇಲ್ಸೇತುವೆಯ ನೇರಭಾಗವನ್ನು ದಾಟಿ, ಅದರ ಕೊನೆಯಲ್ಲಿ ಬಾಗಿ ತಿರುಗುವ ದಾರಿಗಳನ್ನು ಹೊಗುವ ಜಯನಗರ, ಬಿ.ಟಿ.ಎಂ. ಬಡಾವಣೆಗಳ ವಾಚಕಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ತಿರುವಿನಲ್ಲಿ ವಾಹನವನ್ನು ಕೇಂದ್ರದತ್ತ ಸೆಳೆದು ಪಥದಲ್ಲಿರಿಸುವ ಬಲವು, ಹೊರಅಂಚನ್ನು ಎತ್ತರಿಸಿದ ರಸ್ತೆಯ ಓರೆಯಿಂದಲೂ ಟೈರು ಮತ್ತು ನೆಲದ ನಡುವಣ ಘರ್ಷಣೆಯಿಂದಲೂ ಒದಗತಕ್ಕದ್ದು. ಓರೆಯನ್ನು ಇಂಜಿನಿಯರರು ಸ್ಥಿರವಾಗಿ ಕಟ್ಟಿರುತ್ತಾರೆ. ಘರ್ಷಣೆಯಾದರೋ ಒಂದು ಮಳೆಗೆ ಅರ್ಧಕ್ಕಿಳಿಯಬಹುದು.

50 ಮೀಟರ್ ತ್ರಿಜ್ಯವೂ ನೂರಕ್ಕೆ 7ರ ಓರೆಯೂ ಉಳ್ಳ ತಿರುವೊಂದನ್ನು ಭಾವಿಸಿದರೆ, ಘರ್ಷಣಾಂಕವು 0.7 ಇದ್ದಾಗ ಜಾರದೆ ಸಾಗಬಲ್ಲ ಪರಮವೇಗ ಗಂಟೆಗೆ ಸುಮಾರು 72 ಕಿಲೋಮೀಟರು; ಅಂಕವು 0.35ಕ್ಕೆ ಇಳಿದೊಡನೆ 52. ಘರ್ಷಣೆಯ ಈ ಅನಿಶ್ಚಯವನ್ನರಿತು, ರಸ್ತೆವಿನ್ಯಾಸದ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ತನ್ನ ಗಣನೆಯಲ್ಲಿ 0.15ನ್ನು ಮಾತ್ರ ನೆಚ್ಚುತ್ತದೆ. ಆಗ ದೊರೆಯುವ ವೇಗ ಕೇವಲ 37. ಈ ಲೆಕ್ಕದಲ್ಲಿ ವಾಹನದ ತೂಕಕ್ಕೆ ಸ್ಥಾನವೇ ಇಲ್ಲವಾದುದರಿಂದ, ಭಾರವಾದ ಕಾರು ಹೆಚ್ಚು ಭದ್ರವೆಂಬುದು ಬರಿಯ ಭ್ರಮೆ. (ಎತ್ತರದ ಲಾರಿ ಜಾರುವ ಮೊದಲೇ ಮಗುಚೀತೆಂಬುದು ಬೇರೆಯ ಮಾತು.) ಬ್ರೇಕಿಗೂ ತಿರುವಿಗೂ ಒದಗಬೇಕಾದ ಘರ್ಷಣೆ ಒಂದೇ ಆಗಿರುವಾಗ, ತಿರುವಿನ ಮಧ್ಯದಲ್ಲಿ ಬ್ರೇಕನ್ನು ಬಲವಾಗಿ ಒತ್ತುವುದು ಅಪಾಯಕರ. ಆದುದರಿಂದ ದಯವಿಟ್ಟು, ವಿಶೇಷವಾಗಿ ಮಳೆಗಾಲದ ಸಂಜೆಗಳಲ್ಲಿ, ತಿರುವನ್ನು ಹೊಗುವ ಮುನ್ನವೇ ವೇಗವನ್ನಿಳಿಸಿರಿ.