ಕಾಲಿಗೆ ಬಿದ್ದಾಗ ಅಂಗಾಲನ್ನೂ ನೋಡಿ

ಮಕ್ಕಳೇ, ಯುಗಾದಿಗೋ ದೀಪಾವಳಿಗೋ ನಮ್ಮೂರು ರಾಮಗಿರಿಗೆ ಬಂದಾಗ ಹಿರಿಯರ ಕಾಲಿಗೆ ಬೀಳುತ್ತೀರಿ. ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡು ಏಳುತ್ತೀರಿ. ಇನ್ನು ಮೇಲೆ ಅಷ್ಟಕ್ಕೇ ಏಳಬೇಡಿ. ಸಕ್ಕರೆ ಕಾಯಿಲೆಯ ಅಪ್ಪನದೋ ಅಜ್ಜಿಯದೋ ಪಾದವನ್ನು ಮೆಲ್ಲಗೆ ಎತ್ತಿ, ಅಂಗಾಲನ್ನೂ ನೋಡಿ.

ನನಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದಾಗ ವಯಸ್ಸಾಯಿತು ಅಂದುಕೊಂಡೆ. ಒಂದು ಸಂಜೆ ಅಡಿಕೆ ತೋಟದಿಂದ ಬಂದು ಜಗಲಿ ದಾಟಿದೆ. "ಅಜ್ಜಾ, ನೆಲದ ತುಂಬ ರಕ್ತ!" ಎಂದು ಮೊಮ್ಮಗಳು ಕೂಗಿದಳು. ಜಾಲಿ ಮುಳ್ಳೊಂದು ಹವಾಯಿ ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿದಿತ್ತು. ಬೆಳಗಿನಿಂದ ಅದರ ಮೇಲೆಯೇ ಓಡಾಡಿದ್ದೆ. ನೋವಿಲ್ಲವಲ್ಲ ಎಂದು ಅರಿಶಿನ ಮೆತ್ತಿ ಹತ್ತು ದಿನ ಸುಮ್ಮನಿದ್ದೆ. ಗಾಯ ಹುಣ್ಣಾಗಿ, ಕೊನೆಗೆ ಎರಡು ಬೆರಳು ತೆಗೆಸಬೇಕಾಯಿತು.

ಸಕ್ಕರೆ ಹತೋಟಿ ತಪ್ಪಿದರೆ ನರಗಳು ಕೆಡುತ್ತವೆ, ರಕ್ತನಾಳ ಕಿರಿದಾಗುತ್ತದೆ. ಚುಚ್ಚಿದ್ದು ತಿಳಿಯುವುದಿಲ್ಲ, ಮಾಯಲು ಬೇಕಾದ ರಕ್ತವೂ ಗಾಯಕ್ಕೆ ತಲುಪುವುದಿಲ್ಲ.

ಹುಣ್ಣು ಮಾಯಲು ಏಳು ತಿಂಗಳು ಹಿಡಿಯಿತು. ಹುಣ್ಣು ನೋಯಲಿಲ್ಲ, ಮಿಕ್ಕಿದ್ದೆಲ್ಲ ನೋಯಿತು. ಕಾಲು ಊರುವಂತಿಲ್ಲ, ಬಚ್ಚಲಿಗೂ ಒಬ್ಬರು ಹಿಡಿದುಕೊಳ್ಳಬೇಕು. ಡ್ರೆಸ್ಸಿಂಗಿಗೆ ಹೊಳಲ್ಕೆರೆಗೆ ಹೋದ ದಿನವೆಲ್ಲ ಮಗನ ಕೆಲಸ ಕೆಡುತ್ತಿತ್ತು. ವಾಸನೆ ಬಂದೀತೆಂದು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟೆ. ಬೆಟ್ಟದ ಕರಿಸಿದ್ದೇಶ್ವರನಿಗೆ ಕೆಳಗಿನಿಂದಲೇ ಕೈ ಮುಗಿದೆ. ನನ್ನ ತಟ್ಟೆ ಪಡಸಾಲೆಗೇ ಬರತೊಡಗಿತು. ಯಾರೂ ಏನೂ ಅನ್ನಲಿಲ್ಲ. ಆದರೂ ಮನೆಗೆ ಹೊರೆಯಾದೆ ಎನಿಸಿ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಸೊಸೆ ಒಳಗೆ ಕುರ್ಚಿ ಹಾಕಿ, "ಮಾವ, ಎಲ್ಲರ ಜೊತೆ ಉಣ್ಣಿ ಬನ್ನಿ" ಎಂದಳು. ಅಂದು ರಾತ್ರಿ ನಿದ್ದೆ ಬಂತು. ಔಷಧದ ಜೊತೆಗೆ ಇದನ್ನೂ ಕೊಡಿ, ಮಕ್ಕಳೇ. ಹುಣ್ಣಾದವರನ್ನು ಮೂಲೆಗೆ ಸರಿಸಬೇಡಿ. ತೋಟದ ಲೆಕ್ಕ ಕೇಳಿ, ಕೂತು ಮಾಡುವ ಕೆಲಸ ಕೊಡಿ.

ದಿನಾ ಸಂಜೆ ಪಾದ ತೊಳೆದು, ಬೆರಳ ಸಂದಿಗಳನ್ನು ಒರೆಸಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಲು ಬಿಡಬೇಡಿ. ಕಾಲು ಉರಿಯುತ್ತದೆಂದು ಬಿಸಿನೀರಿಗೆ ಇಳಿಬಿಟ್ಟರೆ ಚರ್ಮ ಬೆಂದರೂ ತಿಳಿಯದು. ಮನೆಯೊಳಗೂ ಬರಿಗಾಲು ಬೇಡ. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಲಿ. ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಕಾಯ್ದ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ನಮ್ಮಂಥವರನ್ನೂ ಕಾಯುತ್ತದೆ. ಸಣ್ಣ ಗುಳ್ಳೆ ಎದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ. ಬೆಂಗಳೂರಿನ ಸರ್ಕಾರಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದದ ಚಿಕಿತ್ಸೆಗೇ ಒಂದು ವಿಭಾಗವಿದೆ.

ನಿಮ್ಮ ರಕ್ತವನ್ನೂ ಪರೀಕ್ಷಿಸಿಕೊಳ್ಳಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಡಿ ಆಶಾ ಕಾರ್ಯಕರ್ತೆ ತಪಾಸಣೆಗೆಂದು ಬಾಗಿಲಿಗೆ ಬಂದರೆ, 30 ದಾಟಿದವರು ಪುರುಸೊತ್ತಿಲ್ಲವೆಂದು ಕಳಿಸಬೇಡಿ.

ಅಂದು ಕೂಗಿದ ಮೊಮ್ಮಗಳು ಈಗ ದಾವಣಗೆರೆಯಲ್ಲಿ ಓದುತ್ತಾಳೆ. ಊರಿಗೆ ಬಂದಾಗ ಟಾರ್ಚು ಹಿಡಿದು ನನ್ನ ಕಾಲ ಬಳಿ ಕೂರುತ್ತಾಳೆ. ನನ್ನ ಕೈ ಅವಳ ತಲೆಯ ಮೇಲಿರುತ್ತದೆ, ನನ್ನ ಅಂಗಾಲು ಅವಳ ಕೈಯಲ್ಲಿರುತ್ತದೆ.