ಶೇವಿಂಗ್ ಬ್ರಷ್‌ನ ಅಳತೆ: ಆಯ್ಕೆ, ವೆಚ್ಚ ಮತ್ತು ಆದೇಶದ ಕರಾರು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡ ಬಳಿಕ ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳ ಒಳಗೆ ಹಾದುಹೋಗುತ್ತಿದ್ದ ವಾಹನಗಳು ಹೊರವರ್ತುಲದಲ್ಲಿ ಸಾಗತೊಡಗಿದವು. ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳಿಗೆ ದಾರಿಹೋಕ ಗ್ರಾಹಕರು ವಿರಳವಾದರು. ಹೀಗಾಗಿ, ಅರಗಿನ ಬಣ್ಣದ ಕಡಚಲು ಕೆಲಸವನ್ನೇ ನೆಚ್ಚಿದ ಕಿರು ಘಟಕಗಳು ಆಟಿಕೆಯ ಜೊತೆಗೆ ನಿತ್ಯೋಪಯೋಗಿ ವಸ್ತುಗಳ ಕಡೆಗೂ ಗಮನ ಹರಿಸುವುದು ಅನಿವಾರ್ಯವಾಗಿದೆ. ಅಂತಹ ವಸ್ತುಗಳಲ್ಲಿ ಶೇವಿಂಗ್ ಬ್ರಷ್‌ನ ಮರದ ಹಿಡಿಯೂ ಒಂದು. ಸಾಬೂನು, ಬ್ರಷ್ ಬಳಸಿ ಕ್ಷೌರ ಮಾಡಿಕೊಳ್ಳುವ ಹಳೆಯ ಪದ್ಧತಿಗೆ ದೇಶವಿದೇಶಗಳಲ್ಲಿ ಹೊಸ ಅಭಿಮಾನಿಗಳಿದ್ದು, ಅವರು ಅಳತೆಯನ್ನು ಮಿಲಿಮೀಟರ್‌ನಲ್ಲಿ ಕೇಳಿ ಕೊಳ್ಳುವವರು. ಆದ್ದರಿಂದ ಅಳತೆಯ ಅರಿವಿಲ್ಲದೆ ಈ ಸರಕಿಗೆ ಕೈಹಾಕುವುದು ಉಚಿತವಲ್ಲ.

1. ಅಳತೆ ಒಂದಲ್ಲ, ಮೂರು

ಬ್ರಷ್‌ನ ಕೂದಲ ಗುಚ್ಛದ ಬುಡದ ವ್ಯಾಸ ಮೊದಲನೆಯ ಅಳತೆ. ಮಾರುಕಟ್ಟೆಯಲ್ಲಿ ಇದು ಸಾಮಾನ್ಯವಾಗಿ 20ರಿಂದ 30 ಮಿ.ಮೀ.ವರೆಗೆ ಇರುತ್ತದೆ. ಹಿಡಿಯ ಅಂಚಿನಿಂದ ಕೂದಲ ತುದಿಯವರೆಗಿನ ಎತ್ತರ ಎರಡನೆಯದು. ಇದು ಸುಮಾರು 45ರಿಂದ 60 ಮಿ.ಮೀ. ಹಿಡಿಯ ಉದ್ದ ಮತ್ತು ದಪ್ಪ ಮೂರನೆಯದು. ಅಂಗಡಿಯಲ್ಲಿ ‘ಚಿಕ್ಕದು, ದೊಡ್ಡದು’ ಎಂದಷ್ಟೇ ಹೇಳುವಾಗ ಈ ಮೂರರಲ್ಲಿ ಯಾವುದೆಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ.

ಎತ್ತರವನ್ನು ವ್ಯಾಸದಿಂದ ಭಾಗಿಸಿದರೆ ಬ್ರಷ್‌ನ ಬಿಗಿ ಎಷ್ಟೆಂಬುದು ಅಂದಾಜಾಗುತ್ತದೆ. 24 ಮಿ.ಮೀ. ವ್ಯಾಸ, 50 ಮಿ.ಮೀ. ಎತ್ತರದ ಬ್ರಷ್‌ನಲ್ಲಿ ಈ ಅನುಪಾತ 2.08; 22 ಮಿ.ಮೀ. ವ್ಯಾಸ, 55 ಮಿ.ಮೀ. ಎತ್ತರದ ಬ್ರಷ್‌ನಲ್ಲಿ 2.5. ಒಂದೇ ಬಗೆಯ ಕೂದಲಾದರೆ ಮೊದಲನೆಯದು ಬಿಗಿಯಾಗಿ ನಿಲ್ಲುತ್ತದೆ, ಎರಡನೆಯದು ಸುಲಭವಾಗಿ ಬಾಗುತ್ತದೆ.

2. ಯಾರಿಗೆ ಯಾವ ಅಳತೆ

ಗಟ್ಟಿ ಸಾಬೂನನ್ನು ನೇರವಾಗಿ ಮುಖದ ಮೇಲೆಯೇ ನೊರೆಯಾಗಿಸುವವರಿಗೆ ಬಿಗಿಯಾದ 22ರಿಂದ 24 ಮಿ.ಮೀ. ಗುಚ್ಛ ಒಪ್ಪುತ್ತದೆ. ಮೀಸೆಯ ಅಂಚು ಮತ್ತು ಮೂಗಿನ ಕೆಳಭಾಗದಲ್ಲಿ ಇದು ಹಿಡಿತ ತಪ್ಪುವುದಿಲ್ಲ. ಬಟ್ಟಲಿನಲ್ಲಿ ಕ್ರೀಮ್ ಕಲಸಿ ನೊರೆ ಬರಿಸುವವರು 26 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದನ್ನು ಆಯಬಹುದು. ಅದು ಹೆಚ್ಚು ನೀರು, ಹೆಚ್ಚು ನೊರೆ ಹಿಡಿಯುತ್ತದೆ. ಪ್ರಯಾಣಕ್ಕೆ 20 ಮಿ.ಮೀ. ಸಾಕು. ದೊಡ್ಡ ಗುಚ್ಛ ಒಣಗಲು ಹೆಚ್ಚು ಹೊತ್ತು ಬೇಕಾಗುವುದರಿಂದ ಮಳೆಗಾಲದ ತೇವದಲ್ಲಿ ಚಿಕ್ಕ ಗುಚ್ಛವೇ ಲೇಸು. ಹಲವರಿಗೆ ಬಳಸುವ ಬ್ರಷ್ಷನ್ನು ಪ್ರತಿ ಬಾರಿಯೂ ಶುದ್ಧಿಗೊಳಿಸಬೇಕಾದ ಕ್ಷೌರದಂಗಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕೂದಲಿನ ಜಾತಿಯೂ ಅಳತೆಯನ್ನು ಬದಲಿಸುತ್ತದೆ. ಹಂದಿಕೂದಲು ಒಣಗಿದಾಗ ಗಡುಸು. ನೀರಿನಲ್ಲಿ ನೆನೆದಾಗ ಮೃದುವಾಗುತ್ತದೆ. ಆದ್ದರಿಂದ ಅದಕ್ಕೆ ತುಸು ಹೆಚ್ಚಿನ ಎತ್ತರ ಸಲ್ಲುತ್ತದೆ. ಕೃತಕ ನಾರು ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಧಾರ್ಮಿಕ ಕಾರಣದಿಂದ ಹಂದಿಕೂದಲನ್ನು ಒಲ್ಲದ ಗ್ರಾಹಕರು ನಮ್ಮಲ್ಲಿ ಬಹಳವಿರುವುದರಿಂದ, ಕೂದಲಿನ ಮೂಲವನ್ನು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಮುದ್ರಿಸುವುದು ವ್ಯಾಪಾರಧರ್ಮ. ಮುಂಗುಸಿ ಕೂದಲಿನ ವ್ಯವಹಾರ ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ರ ಪ್ರಕಾರ ಅಪರಾಧ ಎಂಬುದು ನೆನಪಿರಲಿ.

3. ಅಳತೆಯೂ ವೆಚ್ಚವೂ

ಗುಚ್ಛಕ್ಕೆ ಬೇಕಾಗುವ ಕೂದಲು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವ್ಯಾಸಕ್ಕಲ್ಲ. ವ್ಯಾಸ 20ರಿಂದ 24 ಮಿ.ಮೀ.ಗೆ ಹೋದರೆ ನೋಟಕ್ಕೆ ಶೇ. 20 ಹೆಚ್ಚಳ, ಆದರೆ ಬುಡದ ವಿಸ್ತೀರ್ಣ ಶೇ. 44ರಷ್ಟು ಹೆಚ್ಚುತ್ತದೆ. ಎತ್ತರವನ್ನೂ ಲೆಕ್ಕಕ್ಕೆ ಹಿಡಿದು ನೋಡೋಣ. 22 ಮಿ.ಮೀ. ವ್ಯಾಸ, 50 ಮಿ.ಮೀ. ಎತ್ತರದ ಗುಚ್ಛದ ಕೂದಲಿನ ಪ್ರಮಾಣವನ್ನು 100 ಎಂದಿಟ್ಟುಕೊಂಡರೆ, ಅದೇ ಎತ್ತರದ 24 ಮಿ.ಮೀ. ಗುಚ್ಛಕ್ಕೆ 119, 26 ಮಿ.ಮೀ. ವ್ಯಾಸ ಮತ್ತು 55 ಮಿ.ಮೀ. ಎತ್ತರದ ಗುಚ್ಛಕ್ಕೆ 154 ಬೇಕಾಗುತ್ತದೆ. ದೊಡ್ಡ ಬ್ರಷ್‌ಗೆ ‘ಹತ್ತಿಪ್ಪತ್ತು ರೂಪಾಯಿ ಹೆಚ್ಚು’ ಎಂದು ಅಂದಾಜಿನ ಬೆಲೆ ಕಟ್ಟುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳಿತು.

ದಾಸ್ತಾನಿನ ಲೆಕ್ಕವೂ ಇಷ್ಟೇ ಮುಖ್ಯ. ಉದಾಹರಣೆಗೆ, ನಾಲ್ಕು ಅಳತೆ, ಮೂರು ಆಕಾರ, ಐದು ಬಣ್ಣ ಎಂದರೆ 60 ಬಗೆಯ ಸರಕು. ಬಗೆಗೆ 25ರಂತೆ 1,500 ಬ್ರಷ್‌ಗಳಲ್ಲಿ ಬಂಡವಾಳ ಸಿಲುಕುತ್ತದೆ. ಎರಡು ಅಳತೆ, ಎರಡು ಆಕಾರ, ಮೂರು ಬಣ್ಣಕ್ಕೆ ಮಿತಗೊಳಿಸಿದರೆ 12 ಬಗೆ, 300 ಬ್ರಷ್. ಮಾರಾಟವಾಗದೆ ಉಳಿದ ಸರಕನ್ನು ವರ್ಷಾಂತ್ಯದಲ್ಲಿ ವೆಚ್ಚ ಅಥವಾ ಮಾರಿ ಬರಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮೌಲ್ಯಮಾಪನ ಮಾಡಬೇಕಾಗುವುದರಿಂದ ನಷ್ಟ ಅಲ್ಲಿಯೇ ಬಯಲಾಗುತ್ತದೆ. ಆರಂಭಕ್ಕೆ 22 ಮತ್ತು 24 ಮಿ.ಮೀ. ಎರಡೇ ಅಳತೆ ಸಾಕೆಂಬುದು ನಮ್ಮ ಸಲಹೆ.

4. ಹಿಡಿ, ಕುಳಿ ಮತ್ತು ಅರಗು

ಚನ್ನಪಟ್ಟಣದ ಕೆಲಸಕ್ಕೆ ರೂಢಿಯಲ್ಲಿರುವ ಆಲೆ ಮರ ಬಿಳಿ, ನುಣುಪು ಮತ್ತು ಕಡಚಲಿಗೆ ಹಗುರ. ಲೇತ್‌ನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಅಂಟುತ್ತದೆ. ಆಟಿಕೆಗೆ ವರವಾದ ಈ ಗುಣವೇ ಬ್ರಷ್‌ಗೆ ತೊಡಕು: ಬಿಸಿನೀರು ಅರಗನ್ನು ಮೆದುಗೊಳಿಸುತ್ತದೆ, ಸಾಬೂನಿನ ಕ್ಷಾರ ಅದನ್ನು ಕ್ರಮೇಣ ಸವೆಸುತ್ತದೆ. ಆದ್ದರಿಂದ ಕುಳಿಯ ಒಳಭಾಗ ಮತ್ತು ಮೇಲಂಚಿಗೆ ಜಲನಿರೋಧಕ ಲೇಪ ಬೇಕು. ನಿತ್ಯವೂ ನೆನೆಯುವ ಹಿಡಿಗೆ ಅರಗಿನ ಮೇಲೆ ಯಾವ ಲೇಪ ನಿಲ್ಲುತ್ತದೆಂಬುದನ್ನು ಹತ್ತಾರು ಮಾದರಿಗಳನ್ನು ಕೆಲವು ವಾರ ಬಳಸಿ ನೋಡಿಯೇ ನಿರ್ಧರಿಸತಕ್ಕದ್ದು.

ಕುಳಿಯ ವ್ಯಾಸ ಗುಚ್ಛದ ಬುಡಕ್ಕಿಂತ ಅಂಟಿಗೆ ಎಡೆಯಾಗುವಷ್ಟು ಮಾತ್ರ, ಅಂದರೆ ಸುಮಾರು ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರಲಿ. ಕುಳಿಯ ಸುತ್ತ 5 ಮಿ.ಮೀ. ಗೋಡೆ ಉಳಿಸುವುದಾದರೆ 24 ಮಿ.ಮೀ. ಗುಚ್ಛಕ್ಕೆ ಹಿಡಿಯ ಮೇಲ್ಭಾಗ ಸುಮಾರು 35 ಮಿ.ಮೀ. ಆಗುತ್ತದೆ. ಗೋಡೆ ತೆಳುವಾದರೆ ನೀರು ಹೀರಿ ಉಬ್ಬಿದ ಮರ ಸೀಳುತ್ತದೆ. ಹಸಿ ಮರದಲ್ಲಿ ಕೊರೆದ ಕುಳಿ ಒಣಗಿದ ಮೇಲೆ ಕುಗ್ಗಿ ದುಂಡುತನ ಕಳೆದುಕೊಳ್ಳುವುದರಿಂದ, ಚೆನ್ನಾಗಿ ಹದವಾಗಿ ಒಣಗಿದ ಮರವನ್ನೇ ಬಳಸಬೇಕು.

5. ಆದೇಶಪತ್ರದಲ್ಲಿ ಮಿಲಿಮೀಟರ್

ಅಳತೆಯ ವಿವಾದ ಹಣದ ವಿವಾದವೂ ಹೌದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಪಾವತಿಸಬೇಕು. ಈ ಅವಧಿಯ ಎಣಿಕೆ ಸರಕು ಅಂಗೀಕಾರವಾದ ದಿನವನ್ನು ಆಧರಿಸಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸಿದರೆ, ಪೂರೈಕೆದಾರರು ಆ ಆಕ್ಷೇಪವನ್ನು ನಿವಾರಿಸಿದ ದಿನವೇ ಅಂಗೀಕಾರದ ದಿನ. ‘ಕುಳಿ ದೊಡ್ಡದಾಯಿತು’ ಎಂಬ ಒಂದು ಸಾಲಿನ ಪತ್ರ ಪಾವತಿಯನ್ನು ಮುಂದೂಡಬಲ್ಲದು. ಆದೇಶದಲ್ಲಿ ಕುಳಿಯ ವ್ಯಾಸ, ಆಳ, ಹಿಡಿಯ ಉದ್ದ ಮತ್ತು ಒಪ್ಪಬಹುದಾದ ಹೆಚ್ಚುಕಡಿಮೆ ನಮೂದಾಗಿದ್ದು, ಉಭಯರೂ ಸಹಿ ಮಾಡಿದ ಮಾದರಿ ಇದ್ದಲ್ಲಿ ಇಂತಹ ಆಕ್ಷೇಪಕ್ಕೆ ಉತ್ತರ ಸುಲಭ. ಉದ್ಯಮ್ ನೋಂದಣಿ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳತಕ್ಕದ್ದು.

ಇನ್ನು ಮೂರು ಅಂಶಗಳು. ಮರದ ಆಟಿಕೆ 9503ರಲ್ಲಿ, ಮರದ ಬ್ರಷ್ ಹಿಡಿ 4417ರಲ್ಲಿ, ಪೂರ್ಣಗೊಂಡ ಶೇವಿಂಗ್ ಬ್ರಷ್ 9603ರಲ್ಲಿ ವರ್ಗೀಕೃತವಾಗಿವೆ. ಆಟಿಕೆಯ ಸಂಕೇತದಲ್ಲೇ ಹಿಡಿಯ ಬಿಲ್ ಹಾಕುವುದು ಸಲ್ಲದು. ತೆರಿಗೆ ದರವನ್ನು ಬಿಲ್ ದಿನಾಂಕಕ್ಕೆ ಪರಿಶೀಲಿಸಿ. ಚಿಲ್ಲರೆ ಪೊಟ್ಟಣಕ್ಕೆ 2011ರ ಕಾನೂನುಬದ್ಧ ಮಾಪನ (ಪೊಟ್ಟಣ ಸರಕು) ನಿಯಮಗಳು ಅನ್ವಯಿಸುತ್ತವೆ. ಅಳತೆ ಪ್ರಸ್ತುತವಾದ ಸರಕಿನ ಮೇಲೆ ಅಳತೆಯನ್ನೂ ಮುದ್ರಿಸಬೇಕು. ಚನ್ನಪಟ್ಟಣಕ್ಕೆ ದೊರೆತ ಭೌಗೋಳಿಕ ಸೂಚಿಕೆ ‘ಆಟಿಕೆ ಮತ್ತು ಬೊಂಬೆ’ಗಳ ಹೆಸರಿನಲ್ಲಿದೆ. ಬ್ರಷ್ ಹಿಡಿಗೆ ಆ ಗುರುತು ಬಳಸುವ ಮುನ್ನ ನೋಂದಣಿಯ ವ್ಯಾಪ್ತಿಯನ್ನು ತಜ್ಞರಿಂದ ಖಚಿತಪಡಿಸಿಕೊಳ್ಳಿ.

ಕನಕಪುರ, ಮಾಗಡಿಯ ಚಿಲ್ಲರೆ ವರ್ತಕರೂ ಚನ್ನಪಟ್ಟಣದ ತಯಾರಕರೂ ಒಂದೇ ಅಳತೆಪಟ್ಟಿಯನ್ನು ಅನುಸರಿಸಿದರೆ ಮರಳಿ ಬರುವ ಸರಕು ಕಡಿಮೆಯಾಗುತ್ತದೆ. ಒಂದು ವರ್ನಿಯರ್ ಕ್ಯಾಲಿಪರ್‌ಗೆ ತಗಲುವ ವೆಚ್ಚ ತಿರಸ್ಕೃತವಾದ ಒಂದು ಪೆಟ್ಟಿಗೆ ಹಿಡಿಗಳ ಬೆಲೆಗಿಂತ ಬಹಳ ಕಡಿಮೆ. ಮೊದಲ ಆದೇಶಕ್ಕೆ ಮುನ್ನ ಅದನ್ನು ಕೊಳ್ಳುವುದು ಲಾಭದಾಯಕ ಹೂಡಿಕೆ.